ನಲವತ್ತೆಂಟು ಹಾಳೆಯ ಮುಖ

ನನ್ನ ಭಾವನಿಗೆ ಜನ ಇಟ್ಟ ಹೆಸರು ಆಳೆತ್ತರ. ಅವರ ಮೈಯಳತೆ ನೋಡಿ ಇಟ್ಟದ್ದಲ್ಲ. ಹಾಗೆ ನೋಡಿದ್ದರೆ ಮೊಳದುದ್ದ ಎಂದು ಇಡಬೇಕಾಗುತ್ತಿತ್ತು. ಐದಡಿ, ಅದರ ಮೇಲೊಂದು ಹೆಬ್ಬೆರಳು, ಆ ಹೆಬ್ಬೆರಳಿನಲ್ಲೂ ಅರ್ಧ ಭಾಗ ಚಪ್ಪಲಿಯದು. ಆದರೆ ಸಿನಿಮಾ ಥಿಯೇಟರಿನ ನೆತ್ತಿಯ ಮೇಲೆ ನಿಲ್ಲಿಸುವ ಬ್ಯಾನರುಗಳನ್ನು ಅವರು ಮೂವತ್ತೆರಡು ವರ್ಷ ಬರೆದರು, ಮತ್ತು ಆ ಮೂವತ್ತೆರಡು ವರ್ಷದಲ್ಲಿ ಆಳೆತ್ತರಕ್ಕಿಂತ ಚಿಕ್ಕದಾದ ಯಾವ ವಸ್ತುವನ್ನೂ ಕುಂಚದಿಂದ ಮುಟ್ಟಲಿಲ್ಲ. ಅವರು ಬರೆದ ಒಬ್ಬ ಖಳನಾಯಕನ ಮೂಗಿನ ಹೊಳ್ಳೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿ, ಮೊಮ್ಮಕ್ಕಳನ್ನು ಕಂಡು, ಜಾಗಕ್ಕಾಗಿ ಜಗಳವಾಡಿ, ಎಡ ಹೊಳ್ಳೆ ಬಲ ಹೊಳ್ಳೆ ಎಂದು ಪಾಲಾದವು. ಒಬ್ಬ ನಾಯಕಿಯ ಕಣ್ಣು ಎಷ್ಟು ಜೀವಂತವಾಗಿತ್ತೆಂದರೆ, ಬಸ್ಸಿನ ಚಾಲಕರು ಅವಳು ಒಮ್ಮೆ ರೆಪ್ಪೆ ಬಡಿಯಲಿ ಎಂದು ಕಾದು ಕಾದು ಆ ತಿರುವಿನಲ್ಲಿ ಹೊಸದೊಂದು ನಿಲ್ದಾಣವೇ ಹುಟ್ಟಿಕೊಂಡಿತು. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ನನಗೂ ಮರೆತುಹೋಗಿದೆ.

ಇಷ್ಟೆಲ್ಲ ಬರೆದರೂ ಭಾವ ತಮ್ಮನ್ನು ಕಲಾವಿದ ಎಂದುಕೊಂಡವರಲ್ಲ. ಅವರದು ಚೌಕದ ವಿದ್ಯೆ. ಅಂಗೈಯಗಲದ ಫೋಟೋ ಮೇಲೆ ಪೆನ್ಸಿಲಿನಿಂದ ಸಣ್ಣ ಚೌಕಗಳನ್ನು ಎಳೆಯುವುದು. ಹಲಗೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಎಳೆಯುವುದು. ಈ ಚೌಕದಲ್ಲಿ ಇದ್ದದ್ದನ್ನು ಆ ಚೌಕಕ್ಕೆ ಸಾಗಿಸುವುದು. ಹಮಾಲಿ ಕೆಲಸ, ಮೂಟೆಯ ಬದಲು ಮೂಗು, ಅಷ್ಟೇ. ಅವರು ಕೆಲಸ ಕಲಿತ ಶೆಡ್ಡಿನ ಯಜಮಾನ ಮೊದಲ ದಿನವೇ ಹೇಳಿದ್ದನಂತೆ, ಚೌಕದಲ್ಲಿ ಇರೋದನ್ನ ಬರಿ, ಇಲ್ಲದ್ದನ್ನ ನಿನ್ನ ಮನೇಲಿ ಬರ್ಕೋ ಎಂದು. ಭಾವ ಆ ಮಾತನ್ನು ವೇದವಾಕ್ಯ ಮಾಡಿಕೊಂಡರು. ಮನೆಯಲ್ಲೂ ಬರೆದುಕೊಳ್ಳಲಿಲ್ಲ. ಚೌಕವಿಲ್ಲದೆ ಒಂದು ಹುಬ್ಬಿನ ಕೂದಲನ್ನೂ ಎಳೆದವರಲ್ಲ.

ಎರಡನೆಯ ವೇದವಾಕ್ಯ, ಕೆಲಸ ಮುಗಿದು ಮೇಲೆ ಏರುವ ತನಕ ಯಾರೂ ಹತ್ತಿರದಿಂದ ನೋಡಬಾರದು ಎನ್ನುವುದು. ಹತ್ತಿರದಿಂದ ನೋಡಿದರೆ ಎಂಥ ಸುಂದರಿಯೂ ಬರೀ ಬಣ್ಣದ ಮುದ್ದೆ. ನೋಡುವುದಾದರೆ ರಸ್ತೆಯ ಆ ಬದಿಗೆ ಹೋಗಿ ನೋಡಬೇಕು. ಮದುವೆಗೆ ಮುಂಚೆ ನಮ್ಮಕ್ಕನನ್ನು ನೋಡಲು ಬಂದಾಗಲೂ ಅವರು ಅಂಗಳದ ತುದಿಗೆ ಹೋಗಿ ನಿಂತಿದ್ದರು. ಸಂಕೋಚದ ಹುಡುಗ ಎಂದು ನಮ್ಮಪ್ಪ ಮೆಚ್ಚಿಕೊಂಡರು.

ಅಕ್ಕನ ಮನೆಗೂ ಒಂದು ಕಾನೂನು ಇತ್ತು. ಚೌಕ ಇರುವ ಕಾಗದ ಗಂಡನ ಕೆಲಸ, ಮುಟ್ಟಬಾರದು. ಚೌಕ ಇಲ್ಲದ ಕಾಗದ ಕುಂಚ ಒರೆಸಿದ್ದು, ಅಡುಗೆಮನೆಯ ಕಪಾಟಿಗೆ ಹಾಸಬೇಕು. ಮೂವತ್ತು ವರ್ಷದಿಂದ ಅಕ್ಕನ ಡಬ್ಬಿಗಳೆಲ್ಲ ಕುಂಚ ಒರೆಸಿದ ಕಾಗದದ ಮೇಲೇ ಕೂತಿವೆ. ಆ ಕಪಾಟನ್ನು ಹಾಗೇ ಎತ್ತಿಕೊಂಡು ಹೋಗಿ ದೊಡ್ಡ ಕಲಾ ಗ್ಯಾಲರಿಯಲ್ಲಿ ಇಟ್ಟರೆ ಅರ್ಥವಾಗದ ಜನ ಸಾಲು ನಿಂತು ತಲೆದೂಗುತ್ತಾರೆ.

ಥಿಯೇಟರು ಮುಚ್ಚಿ ಪೀಠೋಪಕರಣದ ಮಳಿಗೆಯಾಯಿತು. ನಾಯಕರು ನಿಂತಿದ್ದ ಜಾಗದಲ್ಲಿ ಈಗ ಸೋಫಾ ನಿಂತಿದೆ. ನಟನೆಯಲ್ಲಿ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಭಾವ ತಗಡಿನ ಅಚ್ಚು ಹಿಡಿದು ಗೇಟುಗಳ ಮೇಲೆ 'ಇಲ್ಲಿ ಗಾಡಿ ನಿಲ್ಲಿಸಬೇಡಿ' ಎಂದು ಬರೆಯುವ ಕೆಲಸಕ್ಕೆ ಇಳಿದರು. ಅಚ್ಚಿನ ಮೇಲೆ ಬಣ್ಣ ಬಳಿದರೆ ಅಕ್ಷರ ತಾನೇ ಬೀಳುತ್ತದೆ. ಅದಕ್ಕೂ ಅವರು ಬಳಿದಾದ ಮೇಲೆ ರಸ್ತೆ ದಾಟಿ ಹೋಗಿ, ಒಂದು ಕಣ್ಣು ಮುಚ್ಚಿ, 'ನಿಲ್ಲಿಸಬೇಡಿ' ಎನ್ನುವುದರಲ್ಲಿ ಭಾವನೆ ಸಾಕೇ ಎಂದು ನೋಡುತ್ತಿದ್ದರು.

ಇವರ ಒಬ್ಬಳೇ ಮಗಳು ನನ್ನ ಸೋದರಸೊಸೆ ಅವಸರ. ಹೆಸರಲ್ಲ, ಅಡ್ಡಹೆಸರು. ಹುಟ್ಟುವಾಗ ಮೂರು ವಾರ ಮುಂಚೆ ಬಂದವಳು. ಅದೇ ಕೊನೆ, ಅಲ್ಲಿಂದ ಮುಂದೆ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಕಾಲೇಜಿನಲ್ಲಿ ಪತ್ರಿಕೆ, ಸಿನಿಮಾ, ಜಾಹೀರಾತು ಎಲ್ಲವನ್ನೂ ಒಟ್ಟಿಗೆ ರುಬ್ಬಿ ಕುಡಿಸುವ ಒಂದು ಕೋರ್ಸು ಓದುತ್ತಿದ್ದಳು. ಅದರಲ್ಲೊಂದು ಪ್ರಾಜೆಕ್ಟು: ಇಲ್ಲದ ಸಿನಿಮಾಕ್ಕೆ ಒಂದು ಪೋಸ್ಟರು, ಆ ಇಲ್ಲದ ಸಿನಿಮಾ ಬಗ್ಗೆ ಬರೆಯುವ ಇಲ್ಲದ ಪತ್ರಿಕೆಗೆ ಒಂದು ಮುಖಪುಟ. ನಿರುದ್ಯೋಗಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ನಾನು ಕಂಡಿಲ್ಲ.

ಮೊದಲ ಸಲ ಅವಳು ಕಂಪ್ಯೂಟರಿನಲ್ಲಿ ಪುಕ್ಕಟೆ ಸಿಗುವ ಮಾದರಿಯನ್ನು ಇಳಿಸಿಕೊಂಡು ಅದರ ಮೇಲೆ ಹೆಸರು ಕೂರಿಸಿ ಕೊಟ್ಟಳು. ಇನ್ನೂ ಹನ್ನೊಂದು ಮಕ್ಕಳು ಅದನ್ನೇ ಇಳಿಸಿಕೊಂಡಿದ್ದರು. ಹನ್ನೆರಡು ಪೋಸ್ಟರಿನಲ್ಲೂ ಒಬ್ಬನೇ ಗಂಡಸು ಬೆನ್ನು ತಿರುಗಿಸಿಕೊಂಡು ಮಂಜಿನೊಳಗೆ ನಡೆದುಹೋಗುತ್ತಿದ್ದ. ಮೇಷ್ಟ್ರು ಹನ್ನೆರಡನ್ನೂ ಗೋಡೆಗೆ ಸಾಲಾಗಿ ಅಂಟಿಸಿ, ಇವನು ಎಲ್ಲಿಗೆ ಹೋಗುತ್ತಿದ್ದಾನೆ ಎಂದು ಯಾರಾದರೂ ಹೇಳಿದರೆ ಪಾಸು ಮಾಡುತ್ತೇನೆ ಎಂದರಂತೆ. ಯಾರಿಗೂ ಗೊತ್ತಿರಲಿಲ್ಲ. ಆ ಮೇಷ್ಟ್ರಿಗೆ ಮಕ್ಕಳು ಕಾನ್ಸೆಪ್ಟ್ ಮೇಷ್ಟ್ರು ಎನ್ನುತ್ತಿದ್ದರು; ಕುಡಿಯುವ ನೀರು ತಣ್ಣಗಿದ್ದರೂ ಅವರು ಅದರ ಕಾನ್ಸೆಪ್ಟ್ ಏನು ಎಂದು ಕೇಳಿಯೇ ಬಾಯಿಗೆ ಬಿಡುತ್ತಿದ್ದರು.

ಅವರು ಇನ್ನೊಂದು ಅವಕಾಶ ಕೊಟ್ಟರು. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಎರಡನ್ನೂ ಎ-ಫೋರ್ ಹಾಳೆಯಲ್ಲಿ ಫೈಲಿಗೆ ಹಾಕಿ ಕೊಡಬೇಕು. ಯೋಚನೆ ಮಕ್ಕಳದ್ದೇ ಆಗಿರಬೇಕು, ಚಿತ್ರ ಕೈಯಲ್ಲಿ ಆಗಿರಬೇಕು. ಕೈ ಯಾರದಾದರೂ ಪರವಾಗಿಲ್ಲ, ಯಾರದೆಂದು ಬರೆದರಾಯಿತು. ತಪ್ಪಿದರೆ ವರ್ಷವೇ ಹೋಯಿತು. ಅವಸರ ಆಗಲೇ ಒಂದು ವರ್ಷ ಕಳೆದುಕೊಂಡಿದ್ದಳು. ಎರಡನೆಯ ಸಲ ಕಳೆದುಕೊಂಡವರ ಹೆಸರನ್ನು ಕಾಲೇಜು ಪಟ್ಟಿಯಿಂದಲೇ ತೆಗೆದುಹಾಕುತ್ತಿತ್ತು. ಅಂದರೆ ಶುಕ್ರವಾರ ಒಂದು ಗಂಟೆಗೆ ಒಂದೋ ಫೈಲು ಮೇಜಿನ ಮೇಲೆ, ಇಲ್ಲ ಹುಡುಗಿ ಮನೆಯಲ್ಲಿ.

ಅವಳ ಸಿನಿಮಾದ ಹೆಸರು 'ಐದೂವರೆ ಮಹಡಿ'. ಲಿಫ್ಟು ನಡೆಸುವ ಹೆಂಗಸೊಬ್ಬಳು ಐದನೆಯ ಮಹಡಿಗೂ ಆರನೆಯದಕ್ಕೂ ನಡುವೆ ಸಿಕ್ಕಿಕೊಳ್ಳುತ್ತಾಳೆ. ಮೇಲಿನವರೂ ಕೆಳಗಿನವರೂ ಅವಳಿಗೆ ಬುದ್ಧಿ ಹೇಳುತ್ತಾರೆ. ಪೋಸ್ಟರಿನ ತುಂಬ ಅವಳೊಬ್ಬಳ ಮುಖ, ಕೆಳಗೆ ಹೆಸರು. ಕಾಗದದ ಚೂರಿನ ಮೇಲೆ ಗೀಚಿ ತಂದು ಅಪ್ಪನ ಮುಂದಿಟ್ಟಳು. ಭಾವ ಮೊದಲು ಕೇಳಿದ್ದು, ಪಿಕ್ಚರು ಯಾವತ್ತು ಬಿಡುಗಡೆ ಎಂದು.

"ಪಿಕ್ಚರ್ ಇಲ್ಲಪ್ಪ. ಪೋಸ್ಟರ್ ಅಷ್ಟೇ."

"ಪರವಾಗಿಲ್ಲ ಬಿಡು. ನಾನು ಬರೆದವುಗಳಲ್ಲಿ ಮುಕ್ಕಾಲು ಪಾಲು ಹಂಗೇ ಇದ್ವು."

ಚೌಕ ಎಳೆಯಲು ಒಂದು ಹೆಂಗಸಿನ ಫೋಟೋ ಬೇಕಲ್ಲ ಎಂದು ಅವಸರ ಹೇಳಿದರೆ, ನನ್ನ ಹತ್ರ ಒಂದಿದೆ ಎಂದರು. ಅಳತೆ ಎಷ್ಟು ಎಂದು ಕೇಳಿದರು. ಎ-ಫೋರ್ ಎಂದಳು. ಹಾಗೆಂದರೆ ಏನು ಎಂದರು. ಅವಳು ಒಂದು ಖಾಲಿ ಹಾಳೆ ತೋರಿಸಿದಳು. ಭಾವ ಅದನ್ನು ಬೆಳಕಿಗೆ ಹಿಡಿದು, ಗೇಣು ಹಾಕಿ, ತಲೆಯಾಡಿಸಿ, ತಿಳೀತು ಎಂದರು. ಲೋಕದ ದೊಡ್ಡ ಅನಾಹುತಗಳಿಗೆಲ್ಲ ಮುಂಚೆ ಯಾರೋ ಒಬ್ಬರು ತಿಳೀತು ಎಂದಿರುತ್ತಾರೆ.

ಸೋಮವಾರದಿಂದ ಗುರುವಾರದ ತನಕ ಭಾವ ಹಿತ್ತಲಿನ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡರು. ಊಟದ ತಟ್ಟೆ ಹೊಸ್ತಿಲಿಗೆ ಹೋಗಿ ಹೊಸ್ತಿಲಿನಿಂದ ಬಂತು. ಯಾರೂ ನೋಡಬಾರದೆಂಬ ಶಾಸ್ತ್ರ ಇತ್ತಲ್ಲ, ಯಾರೂ ನೋಡಲಿಲ್ಲ.

ಶುಕ್ರವಾರ ಬೆಳಗ್ಗೆ, ಭಾವನಿಗೆ ಕೊಟ್ಟಿದ್ದ ನನ್ನ ಏಣಿ ವಾಪಸು ಕೇಳಲು ನಾನು ಹೋದಾಗ ಅವರೆಲ್ಲ ತಿಂಡಿಗೆ ಕೂತಿದ್ದರು. ಭಾವ ಹುರಿಯಲ್ಲಿ ಬಿಗಿದ ಒಂದು ಕಟ್ಟನ್ನು ತಂದು ಮಗಳ ಮುಂದೆ ಇಟ್ಟರು. ಇಟ್ಟಿಗೆಯಷ್ಟು ದಪ್ಪ. ಅವಸರ ಹುರಿ ಬಿಚ್ಚಿದಳು. ಮೊದಲ ಹಾಳೆಯ ತುಂಬ ಕಪ್ಪು. ಎರಡನೆಯದರ ತುಂಬ ಕಪ್ಪು, ಮೂಲೆಯಲ್ಲಿ ಒಂದಿಷ್ಟು ಕಂದು. ಅವಳು ಹಾಳೆ ಮಗುಚುತ್ತ ಹೋದಳು, ಹದಿನೆಂಟನೆಯದಕ್ಕೆ ನಿಂತಳು.

"ಏನಪ್ಪ ಇದು?"

"ಕಿವಿ. ಇನ್ನೊಂದು ಹದಿಮೂರನೇದ್ರಲ್ಲಿ ಹೋಯ್ತಲ್ಲ, ನೋಡ್ಲಿಲ್ವಾ?"

"ಇಡೀ ಪೋಸ್ಟರ್ ಎ-ಫೋರಲ್ಲಿ ಇರ್ಬೇಕಿತ್ತು."

"ಎಲ್ಲಾ ಎ-ಫೋರೇ. ಬೇಕಾದ್ರೆ ಅಳತೆ ಹಾಕ್ಕೋ. ಒಂದು ಕೂದಲು ಆಚೀಚೆ ಇಲ್ಲ."

ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು, ನಲವತ್ತೆಂಟು ಹಾಳೆಯಲ್ಲಿ ಒಂದು ಮುಖ. ಬ್ಯಾನರನ್ನು ತುಂಡು ತುಂಡಾಗಿ ಬರೆದು ಮೇಲೆ ಜೋಡಿಸುವುದೇ ಅವರ ಕಸುಬು; ಎ-ಫೋರ್ ಎಂದರೆ ತುಂಡಿನ ಅಳತೆ ಎಂದು ಅವರಿಗೆ ಹಗಲಿನಷ್ಟು ನಿಚ್ಚಳವಾಗಿ ತಿಳಿದಿತ್ತು. ಮಗಳ ಕಾಲೇಜು ಬಡ ಕಾಲೇಜು, ದೊಡ್ಡ ಹಲಗೆ ಕೊಳ್ಳುವ ಶಕ್ತಿ ಇಲ್ಲ ಎಂದು ಮರುಗಿಯೂ ಇದ್ದರು.

ಅವಸರ ಸಣ್ಣ ದನಿಯಲ್ಲಿ, ಮುಖಪುಟ ಎಲ್ಲಿ ಎಂದಳು.

"ಮೊದಲು ಪಿಕ್ಚರ್ ಬರ್ಲಿ. ಪತ್ರಿಕೆಯವರು ಆಮೇಲೆ ತಾನೇ ಬರೋದು."

ಗಂಟೆ ಎಂಟೂವರೆ. ಹುಡುಗಿ ಅಳಲಿಲ್ಲ. ಅವಳಿಗೆ ಅಳುವುದಕ್ಕೂ ಸರಿಯಾದ ಹೊತ್ತು ಸಿಕ್ಕಿದ್ದಿಲ್ಲ. ಎರಡು ನಿಮಿಷ ಕಿವಿಯನ್ನೇ ನೋಡುತ್ತಿದ್ದು, ಮಾವ, ಏಣಿ ಈಗ ಕೊಡಲ್ಲ ಎಂದಳು ನನಗೆ. ಇದನ್ನು ಎಲ್ಲಾದರೂ ಗೋಡೆಗೆ ಜೋಡಿಸಿ, ಫೋಟೋ ತೆಗೆದು, ಆ ಫೋಟೋವನ್ನು ಎ-ಫೋರಿನಲ್ಲಿ ಅಚ್ಚು ಹಾಕಿಸುವುದು ಅವಳ ಉಪಾಯ. ಅಷ್ಟಗಲದ ಗೋಡೆ, ಎದುರಿಗೆ ನಿಂತು ನೋಡಲು ರಸ್ತೆ, ಪಕ್ಕದಲ್ಲೇ ಅಚ್ಚಿನ ಅಂಗಡಿ, ಮೂರೂ ಸಿಗುವುದು ಒಂದೇ ಕಡೆ: ಕಾಲೇಜಿನ ಕಾಂಪೌಂಡು. ಮುಖಪುಟದ ಬಗ್ಗೆ ಅವಳೂ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಸತ್ತವರ ಮನೆಯಲ್ಲಿ ಸಾಲದ ಮಾತೆತ್ತಬಾರದು ಎನ್ನುತ್ತಾರಲ್ಲ, ಹಾಗೆ.

ಮೆರವಣಿಗೆ ಹೊರಟಿತು. ಅಂಟಿನ ಬಕೆಟ್ಟು, ಬಣ್ಣದ ಡಬ್ಬಿ ಹಿಡಿದ ಅಕ್ಕ, ಕಟ್ಟು ಎದೆಗವಚಿಕೊಂಡ ಅವಸರ, ಏಣಿಯ ಮುಂದಿನ ತುದಿಗೆ ಭಾವ, ಹಿಂದಿನ ತುದಿಗೆ ನಾನು. ಭಾವ ಗಿಡ್ಡ, ನಾನು ಉದ್ದ, ಆದ್ದರಿಂದ ಏಣಿ ದಾರಿಯುದ್ದಕ್ಕೂ ಇಳಿಜಾರಿನಲ್ಲೇ ನಡೆಯಿತು. ನಲವತ್ತು ನಿಮಿಷದ ಬಸ್ಸು. ಕಂಡಕ್ಟರು ಏಣಿಯ ಮೆಟ್ಟಿಲು ಎಣಿಸಿ ಅಷ್ಟು ಟಿಕೆಟ್ಟು ಹರಿಯುತ್ತೇನೆಂದು ಹಟ ಹಿಡಿದ. ಅಕ್ಕ ಎರಡು ಮಾತಾಡಿದ ಮೇಲೆ ಅವನೇ ಎದ್ದು ಏಣಿಗೆ ಸೀಟು ಬಿಟ್ಟುಕೊಟ್ಟ.

ಕಾಲೇಜಿನ ಗೋಡೆಯ ಮೇಲೆ 'ಇಲ್ಲಿ ಏನನ್ನೂ ಅಂಟಿಸಬಾರದು' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬರೆದವರು ಭಾವನೇ, ಹಿಂದಿನ ತಿಂಗಳು. ಅವರು ತಮ್ಮ ಅಕ್ಷರವನ್ನು ಒಮ್ಮೆ ಮಮತೆಯಿಂದ ನೋಡಿ, ಅದರ ಮೇಲೆಯೇ ಅಂಟು ಬಳಿದರು. ಗೇಟಿನ ಕಾವಲುಗಾರ ಬಂದು, ಬರೆದಿರೋದು ಕಾಣಿಸಲ್ವಾ ಎಂದ. ನಾನೇ ಬರೆದಿದ್ದು ಎಂದರು ಭಾವ. ಲೇಖಕನ ಹಕ್ಕನ್ನು ಅವನು ಮನ್ನಿಸಿದ. ಕುರ್ಚಿ ತಂದು ರಸ್ತೆಯ ಆ ಬದಿಗೆ ಹಾಕಿಕೊಂಡು ಕೂತ.

ಭಾವ ಏಣಿ ಏರಿದರು, ಅವಸರ ಹಾಳೆ ಕೊಟ್ಟಳು, ನಾನು ಏಣಿ ಹಿಡಿದೆ. ಒಂದು, ಎರಡು, ಮೂರು. ಕೂದಲು ಬಂತು, ಹಣೆ ಬಂತು, ಹುಬ್ಬು ಬಂತು. ಹತ್ತಿರದಿಂದ ಎಲ್ಲವೂ ಬರೀ ಬಣ್ಣದ ಗುಡ್ಡೆ. ಇಪ್ಪತ್ತೆಂಟನೆಯದನ್ನು ಅಂಟಿಸುವ ಹೊತ್ತಿಗೆ ಆ ಬದಿಯಲ್ಲಿ ನಾಲ್ಕಾರು ಜನ ನಿಂತಿದ್ದರು. ಮೂವತ್ತು, ಮೂವತ್ತೊಂದು, ಮೂವತ್ತೆರಡು. ಆಮೇಲೆ ಅವಸರಳ ಕೈ ನಿಂತಿತು. ಕಟ್ಟಿನಲ್ಲಿ ಮುಂದೆ ಇದ್ದದ್ದು ಮೂವತ್ತೈದು.

ಮೂವತ್ತಮೂರು, ಮೂವತ್ತನಾಲ್ಕು ಇರಲಿಲ್ಲ. ಕಟ್ಟನ್ನು ಮೂರು ಸಲ ಮಗುಚಿದ್ದಾಯಿತು, ಬಕೆಟ್ಟಿನೊಳಗೂ ಇಣುಕಿದ್ದಾಯಿತು. ಉಳಿದವನ್ನು ಅಂಟಿಸಿ ಮುಗಿಸಿದಾಗ ಆರನೆಯ ಸಾಲಿನ ನಟ್ಟನಡುವೆ ಎರಡು ಹಾಳೆಯಗಲ ಗೋಡೆ ಬೆತ್ತಲೆ ಉಳಿಯಿತು. ಮೂಗಿನ ಕೆಳಗೆ, ಗಲ್ಲದ ಮೇಲೆ. ಬಾಯಿ ಇರಬೇಕಾದ ಜಾಗ.

ಅವೆರಡನ್ನು ಕೊನೆಗೆ ಬರೆದೆ, ಒಣಗಲಿ ಅಂತ ಅಡುಗೆಮನೆ ಕಿಟಕಿ ಮೇಲೆ ಇಟ್ಟು ಮರೆತೆ ಎಂದರು ಭಾವ.

"ಕೆಂಪುಕೆಂಪಗಿದ್ವಲ್ಲ, ಅವಾ?" ಎಂದಳು ಅಕ್ಕ. "ಅವನ್ನ ನಾನು ನಿನ್ನೆ ಸಂಜೇನೇ ಹಿಟ್ಟಿನ ಡಬ್ಬಿ ಕೆಳಗೆ ಹಾಸಿದೆ. ಚೌಕ ಇರ್ಲಿಲ್ಲ ಅದರಲ್ಲಿ. ಕುಂಚ ಒರೆಸಿದ್ದು ಅಂದ್ಕೊಂಡೆ."

ಅದೇ ನನಗೆ ವಿಚಿತ್ರವಾಗಿ ಕಂಡದ್ದು. ಚೌಕ ಯಾಕೆ ಇರಲಿಲ್ಲ ಎಂದು ನಾನು ಕೇಳಿದರೆ, ಭಾವ ಬಗ್ಗಿ ಅಂಟಿನ ಬಕೆಟ್ಟು ಕದಡತೊಡಗಿದರು. ಮನೆಗೆ ಹೋಗಿ ಬರಲು ಹೊತ್ತಿರಲಿಲ್ಲ, ಗಂಟೆ ಹನ್ನೊಂದೂವರೆಯಾಗಿತ್ತು.

ಅಕ್ಕ ಕೈ ಒರೆಸಿಕೊಂಡು, ಎಷ್ಟು ಜಾಗ ಬಿಟ್ಟಿದೆ ನೋಡೋಣ ಎಂದು ರಸ್ತೆ ದಾಟಿದಳು. ಆ ಬದಿಗೆ ಹೋಗಿ ತಿರುಗಿದವಳು ಹಾಗೇ ನಿಂತುಬಿಟ್ಟಳು. ಕಾವಲುಗಾರ ಒಮ್ಮೆ ಗೋಡೆಯನ್ನೂ ಒಮ್ಮೆ ಅವಳನ್ನೂ ನೋಡಿ ಕುರ್ಚಿಯಿಂದ ಎದ್ದ. ಗೋಡೆಯ ಮೇಲಿದ್ದದ್ದು ಅಕ್ಕನೇ. ಅವಳ ಗುರುತಿನ ಚೀಟಿಯ ಫೋಟೋಕ್ಕೆ ಭಾವ ಚೌಕ ಎಳೆದಿದ್ದರು. ನೂರಾರು ನಾಯಕಿಯರನ್ನು ಆಕಾಶಕ್ಕೆ ಏರಿಸಿದ ಮನುಷ್ಯ ಕಟ್ಟಿಕೊಂಡವಳನ್ನು ಒಮ್ಮೆಯೂ ಬರೆದಿರಲಿಲ್ಲ. ಕೇಳಿದರೆ, ಸಿನಿಮಾದವರು ಕೊಟ್ಟ ಫೋಟೋ ಮಾತ್ರ ಬರೆಯೋದು ಎನ್ನುತ್ತಿದ್ದರು.

"ರೀ," ಎಂದು ಕೂಗಿದಳು ಆ ಬದಿಯಿಂದ. "ಅದು ನಾನಾ?"

ಭಾವ ಆ ಹೊತ್ತಿಗೆ ಒಂದು ಇಟ್ಟಿಗೆ ಹತ್ತಿ, ಗೋಡೆಗೆ ಬೆನ್ನು ಕೊಟ್ಟು, ಖಾಲಿ ಜಾಗ ತಲೆಯಿಂದ ಎಷ್ಟು ಮೇಲಿದೆ ಎಂದು ಅಳೆಯುತ್ತಿದ್ದರು. ತಲೆ ಸರಿಯಾಗಿ ಖಾಲಿ ಜಾಗದೊಳಗೆ ಕೂತಿತ್ತು. ಹೆಂಡತಿಯ ಕೂಗು ಕೇಳಿ ಅವರ ಮುಖದಲ್ಲಿ ಎಂಥದೋ ಒಂದು ಬಂತು: ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಮುಖ, ಅದೇ ಹೊತ್ತಿಗೆ ಮೊದಲ ಬಹುಮಾನ ಬಂದ ಹುಡುಗನ ಮುಖ. ಎಂಟಡಿ ಎತ್ತರದ ಹೆಂಡತಿ, ಅವಳ ಬಾಯಿಯ ಜಾಗದಲ್ಲಿ ಪುಟ್ಟ ಗಂಡ.

ಅವಸರ ಜೀವಮಾನದಲ್ಲಿ ಒಮ್ಮೆ ಹೊತ್ತಿಗೆ ಸರಿಯಾಗಿ ಇದ್ದಳು. ಫೋಟೋ ತೆಗೆದಳು. ಮೂರು ಸೆಕೆಂಡು ತಡವಾಗಿದ್ದರೆ ಭಾವ ಇಟ್ಟಿಗೆಯಿಂದ ಇಳಿದಿರುತ್ತಿದ್ದರು.

"ಅಪ್ಪ, ಮುಖಪುಟ ಸಿಕ್ತು," ಎಂದಳು. "ಈಗ ಎರಡು ಖಾಲಿ ಹಾಳೆ ಕೊಡ್ತೀನಿ, ಪಿಕ್ಚರ್ ಹೆಸರನ್ನ ಅಲ್ಲೇ ಬರೀ. ಕೆಳಗೆ ಬೇಡ. ಬಾಯಿ ಜಾಗದಲ್ಲಿ."

ಭಾವ ಹತ್ತು ನಿಮಿಷದಲ್ಲಿ ಒಂದು ಹಾಳೆಗೆ 'ಐದೂವರೆ', ಇನ್ನೊಂದಕ್ಕೆ 'ಮಹಡಿ' ಎಂದು ಬರೆದು ಅಂಟಿಸಿದರು. ಅವಸರ ಇನ್ನೊಂದು ಫೋಟೋ ತೆಗೆದು ಅಚ್ಚಿನ ಅಂಗಡಿಗೆ ಓಡಿದಳು. ಅಂಗಡಿಯ ಯಂತ್ರ ಎಂದಿನಂತೆ ಕಾಗದವನ್ನು ನುಂಗಿ ಧ್ಯಾನಕ್ಕೆ ಕೂತಿತ್ತಂತೆ. ಅದನ್ನು ಎಬ್ಬಿಸಿ, ಮುಖಪುಟಕ್ಕೆ ಪತ್ರಿಕೆಯ ಹೆಸರು ಕೂರಿಸಿ, ಎರಡು ಹಾಳೆಯನ್ನೂ ಫೈಲಿಗೆ ಹಾಕಿ ಮೇಷ್ಟ್ರ ಮೇಜಿನ ಮೇಲೆ ಇಟ್ಟಾಗ ಒಂದಕ್ಕೆ ಮೂರು ನಿಮಿಷ ಇತ್ತು.

ಮೇಷ್ಟ್ರು ಫೈಲು ಬಿಡಿಸಿದರಂತೆ. ಆಮೇಲೆ ಶುರುವಾಯಿತು. ಮಾತಾಡಬೇಕಾದ ಜಾಗದಲ್ಲಿ ಮಾತನ್ನು ತೆಗೆದು ಮಹಡಿಯನ್ನು ಇಟ್ಟಿದ್ದೀಯ. ಇಲ್ಲದ್ದನ್ನೇ ಇರುವುದಾಗಿ ಬಳಸಿದ್ದೀಯ. ಇಡೀ ಹೆಣ್ಣುಕುಲದ ಮೌನ ಇಲ್ಲಿದೆ. ಹೀಗೆ ಇಪ್ಪತ್ತು ನಿಮಿಷ. ಹೆಣ್ಣುಕುಲದ ಮೌನ ಆಗ ಹಿಟ್ಟಿನ ಡಬ್ಬಿಯ ಕೆಳಗಿತ್ತು, ಅದರ ಒಡತಿ ಗೇಟಿನಲ್ಲಿ ಕಾವಲುಗಾರನಿಗೆ ಅವನ ಸಂಸಾರ ಹೇಗೆ ನಡೆಸಬೇಕೆಂದು ಹೇಳಿಕೊಡುತ್ತಿದ್ದಳು. ಕೊನೆಗೆ ಮೇಷ್ಟ್ರು, ಮುಖಪುಟದಲ್ಲಿರುವ ಈ ನಟ ಯಾರು ಎಂದು ಕೇಳಿದರು. ಕೈ ಇವರದು ಎಂದಳು ಅವಸರ.

ಅವರು ಹೊರಗೆ ಬಂದು ನೋಡಲೇಬೇಕೆಂದರು. ಬಂದವರು ಗೋಡೆಗೆ ಮೂಗು ತಾಗಿಸಿ, ಕನ್ನಡಕ ಎತ್ತಿ ಇಳಿಸಿ, ಇದು ಬರೀ ಬಣ್ಣದ ಮುದ್ದೆಯಲ್ಲವೇ ಎಂದು ರಾಗ ಎಳೆದರು. ಭಾವ ಅವರ ತೋಳು ಹಿಡಿದು, ಬಸ್ಸು ನಿಲ್ಲಿಸಿ, ರಸ್ತೆ ದಾಟಿಸಿ, ಕಾವಲುಗಾರನ ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿ ಹೆಗಲು ತಿರುಗಿಸಿದರು. ಮೇಷ್ಟ್ರು ಆಮೇಲೆ ಕಾನ್ಸೆಪ್ಟ್ ಎನ್ನುವ ಮಾತನ್ನು ಎತ್ತಲಿಲ್ಲ. ನಲವತ್ತಕ್ಕೆ ಪಾಸಾಗುವ ಪರೀಕ್ಷೆಯಲ್ಲಿ ನಲವತ್ತಾರು ಕೊಟ್ಟರು. ಕಳೆದುಹೋದ ಎರಡು ಹಾಳೆಗೆ ಎರಡು ಅಂಕ ಕಡಿಮೆ ಮಾಡಿದ್ದಾರೆ, ಲೆಕ್ಕದ ಮನುಷ್ಯ ಎಂದು ಭಾವ ಮೆಚ್ಚಿಕೊಂಡರು.

ಮನೆಗೆ ಬಂದ ಮೇಲೆ ಅಕ್ಕ ಹಿಟ್ಟಿನ ಡಬ್ಬಿ ಎತ್ತಿದಳು. ಎರಡು ಹಾಳೆ ಹೊರತೆಗೆದು, ಊದಿ ಧೂಳು ಕೊಡವಿ, ಕಪಾಟಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದಳು. ಕೆಂಪು, ಒಂದಷ್ಟು ಬಿಳಿ, ನಡುವೆ ಕಪ್ಪು. ಏನೂ ಗೊತ್ತಾಗಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದಳು. ಇನ್ನೊಂದು. ಅಡುಗೆಮನೆ ಮುಗಿಯಿತು, ನಡುಮನೆ ಮುಗಿಯಿತು, ಹಿಮ್ಮುಖವಾಗಿಯೇ ಹೊಸ್ತಿಲು ದಾಟಿ ಬೀದಿಗೆ ಇಳಿದಳು. ಏಣಿ ಹೊತ್ತು ಹೊರಟಿದ್ದ ನಾನೂ ಅವಳ ಪಕ್ಕ ನಿಂತು ನೋಡಿದೆ.

ನಗುವ ಬಾಯಿ. ಮೇಲಿನ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಕೈಹಾಕಿಕೊಂಡು ನಿಂತಿತ್ತು. ಆ ಹಲ್ಲಿಗಾಗಿ ಅಕ್ಕ ಚಿಕ್ಕಂದಿನಿಂದ ಬಾಯಿಗೆ ಸೆರಗು ಅಡ್ಡ ಹಿಡಿದೇ ನಗುತ್ತಿದ್ದವಳು. ಗುರುತಿನ ಚೀಟಿಯ ಫೋಟೋದಲ್ಲಿ ತುಟಿ ಬಿಗಿದುಕೊಂಡು ಕೂತಿದ್ದಳು. ಆ ಚೌಕಗಳಲ್ಲಿ ನಗು ಇರಲಿಲ್ಲ. ಕುಂಚ ಹಿಡಿದ ಮೇಲೆ ಮೊದಲ ಸಲ ಭಾವ ಚೌಕದಲ್ಲಿ ಇಲ್ಲದ್ದನ್ನು ಬರೆದಿದ್ದರು, ಮನೆಯಲ್ಲೇ.

ತಿಂಗಳೊಳಗೆ ಕಾಲೇಜಿನವರು ಗೋಡೆಗೆ ಸುಣ್ಣ ಹೊಡೆಸಿ, ಭಾವನನ್ನೇ ಕರೆಸಿ, 'ಇಲ್ಲಿ ಏನನ್ನೂ ಅಂಟಿಸಬಾರದು' ಎಂದು ಮತ್ತೆ ಬರೆಸಿದರು. ನಲವತ್ತಾರು ಹಾಳೆಯ ಮುಖ ಹೋಯಿತು, ಎರಡು ಹಾಳೆಯ ಬಾಯಿ ಉಳಿಯಿತು. ನಮ್ಮ ಮನೇಲಿ ಯಾವಾಗ್ಲೂ ಅದೇ ತಾನೇ ಉಳಿಯೋದು ಎಂದರು ಭಾವ. ಹಿಟ್ಟಿನ ಡಬ್ಬಿ ಹಿಡಿದಿದ್ದ ಅಕ್ಕ ಸೌಟು ಎತ್ತಿದಳು. ಹೊಡೆಯಲಿಲ್ಲ, ನಗು ಬಂದುಬಿಟ್ಟಿತ್ತು, ಸೆರಗು ಹಿಡಿಯಲು ಇನ್ನೊಂದು ಕೈ ಖಾಲಿ ಇರಲಿಲ್ಲ.